ಬಯಾಪ್ಸಿ ರಿಪೋರ್ಟ್ ಬಂತು, ಅದರಲ್ಲಿ ಸ್ಟೇಜ್ ಯಾಕಿಲ್ಲ?

ಪ್ರಶ್ನೆ: ನಮ್ಮ ತಂದೆಗೆ 66 ವರ್ಷ. ಪ್ರೊಸ್ಟೇಟ್ ಗ್ರಂಥಿಗೆ ಮಾಡುವ ರಕ್ತಪರೀಕ್ಷೆ ಪಿಎಸ್‌ಎ 8.4 ಇತ್ತು. ಯೂರಾಲಜಿಸ್ಟ್ ಬೆರಳಿನಿಂದ ಪರೀಕ್ಷೆ ಮಾಡಿ, ಗಂಟೇನೂ ಸಿಗುತ್ತಿಲ್ಲ ಅಂದರು. ಸ್ಕ್ಯಾನಿಂಗ್‌ನಲ್ಲಿ ಪ್ರೊಸ್ಟೇಟ್ 42 ಸಿಸಿ. ಬಯಾಪ್ಸಿಯಲ್ಲಿ 12 ತುಣುಕುಗಳ ಪೈಕಿ 5ರಲ್ಲಿ ಕ್ಯಾನ್ಸರ್ ಬಂದಿದೆ, ಬಲಗಡೆ 3, ಎಡಗಡೆ 2. ಗ್ಲೀಸನ್ 3+4=7. ಕೊನೆಯಲ್ಲಿ ‘ಪೆರಿನ್ಯೂರಲ್ ಇನ್ವೇಷನ್ ಪ್ರೆಸೆಂಟ್’ ಅಂತ ಬರೆದಿದ್ದಾರೆ. ಸ್ಟೇಜ್ ಎಲ್ಲೂ ಇಲ್ಲ. ಇನ್ನೊಬ್ಬ ಡಾಕ್ಟರು ಫೈಲ್ ನೋಡಿ, ಎರಡೂ ಕಡೆ ಇರುವುದರಿಂದ ಸ್ಟೇಜ್ ಟಿ2ಸಿ ಅಂದರು. ಆಪರೇಷನ್ ಮಾಡಿಸಿ ಅಂತಿದ್ದಾರೆ. ಎಂಆರ್‌ಐ ಮಾಡಿಸಿಲ್ಲ. ಬಯಾಪ್ಸಿ ನೋಡಿ ಸ್ಟೇಜ್ ಹೇಳೋಕೆ ಆಗಲ್ವಾ ಡಾಕ್ಟ್ರೇ? ನರಕ್ಕೆ ಹರಡಿದೆ ಅಂದರೆ ಕೊನೆ ಸ್ಟೇಜಾ? ರಿಪೋರ್ಟಿನ ಎಲ್ಲ ಪುಟಗಳನ್ನೂ ಕಳಿಸಿದ್ದೇನೆ.
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲು ನಿಮ್ಮ ಕೊನೆಯ ಪ್ರಶ್ನೆಗೇ ಬರುತ್ತೇನೆ. ಮನೆಯವರ ನಿದ್ದೆ ಕೆಡಿಸಿರುವುದು ಅದೇ ಇರಬೇಕು. ಕೊನೆ ಸ್ಟೇಜ್ ಖಂಡಿತ ಅಲ್ಲ. ಪೆರಿನ್ಯೂರಲ್ ಇನ್ವೇಷನ್ ಅನ್ನುವುದು ಸ್ಟೇಜಿನ ಲೆಕ್ಕಕ್ಕೇ ಬರುವುದಿಲ್ಲ. ಪ್ರೊಸ್ಟೇಟ್ ಒಳಗೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ನರಗಳು ತುಂಬಾ ಇರುತ್ತವೆ. ಕ್ಯಾನ್ಸರ್ ಕಣಗಳು ಅಂಥ ಒಂದು ನರಕ್ಕೆ ಅಂಟಿಕೊಂಡು ಬೆಳೆದಿರುವುದು ಮೈಕ್ರೋಸ್ಕೋಪಿನಲ್ಲಿ ಕಂಡರೆ ನಾವು ಆ ಸಾಲು ಬರೆಯುತ್ತೇವೆ. ಆಪರೇಷನ್‌ನಲ್ಲಿ ಪೂರ್ತಿ ತೆಗೆದ ಪ್ರೊಸ್ಟೇಟ್‌ಗಳಲ್ಲಿ ಹುಡುಕಿದರೆ ಬಹುಪಾಲು ಜನರಲ್ಲಿ ಇದು ಸಿಗುತ್ತದೆ. ಬೆನ್ನುಹುರಿಗೋ ಮೆದುಳಿಗೋ ಹೋಗಿದೆ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಹಾಗಂತ ಆ ಸಾಲಿಗೆ ಬೆಲೆಯೇ ಇಲ್ಲ ಅಂತಲೂ ಅಲ್ಲ. ಅದು ಎಲ್ಲಿ ಉಪಯೋಗಕ್ಕೆ ಬರುತ್ತದೆ ಅಂತ ಮುಂದೆ ಹೇಳುತ್ತೇನೆ.

ನಾನು ಪ್ಯಾಥಾಲಜಿಸ್ಟ್. ಆಪರೇಷನ್ ಮಾಡುವವನಲ್ಲ, ಆ ತುಣುಕುಗಳನ್ನು ನೋಡಿ ರಿಪೋರ್ಟ್ ಬರೆಯುವವನು. ಹಾಗಾಗಿ ನನ್ನ ಮೇಜಿನ ಮೇಲೆ ಏನು ಬರುತ್ತದೆ ಅನ್ನುವುದರಿಂದ ಶುರು ಮಾಡುತ್ತೇನೆ. ಅದು ಗೊತ್ತಾದರೆ ಬಯಾಪ್ಸಿ ಏನು ಹೇಳಬಲ್ಲದು, ಏನು ಹೇಳಲಾರದು ಅನ್ನುವುದು ತಾನಾಗಿ ಅರ್ಥವಾಗುತ್ತದೆ.

ಬಯಾಪ್ಸಿ ಸೂಜಿ ಸಾಮಾನ್ಯವಾಗಿ 18 ಗೇಜಿನದು. ಅದರಿಂದ ಬರುವ ತುಣುಕು ಶಾವಿಗೆ ಎಳೆಯಷ್ಟು ಸಣ್ಣ. ದಪ್ಪ ಒಂದು ಮಿಲಿಮೀಟರಿಗಿಂತ ಕಡಿಮೆ, ಉದ್ದ ಒಂದರಿಂದ ಎರಡು ಸೆಂಟಿಮೀಟರ್. ಅಂಥ 12 ಎಳೆ ಸೇರಿಸಿದರೂ ಒಂದು ಸಿಸಿಯ ಹತ್ತನೇ ಒಂದು ಭಾಗದ ಆಸುಪಾಸು. ನಿಮ್ಮ ತಂದೆಯವರ ಪ್ರೊಸ್ಟೇಟ್ 42 ಸಿಸಿ. ಅಂದರೆ ಶೇಕಡಾ ಒಂದಕ್ಕಿಂತ ಎಷ್ಟೋ ಕಡಿಮೆ ಭಾಗವನ್ನು ನೋಡಿ ಉಳಿದದ್ದರ ಬಗ್ಗೆ ಅಂದಾಜು ಮಾಡುತ್ತಿದ್ದೇವೆ. ಸ್ಟೇಜ್ ಅಂದರೆ ಕ್ಯಾನ್ಸರ್ ಎಲ್ಲಿಯವರೆಗೆ ಹೋಗಿದೆ ಅನ್ನುವ ಪ್ರಶ್ನೆ. ಪ್ರೊಸ್ಟೇಟಿನ ಅಂಚು ದಾಟಿದೆಯಾ, ಹಿಂದಿರುವ ವೀರ್ಯಕೋಶಕ್ಕೆ ಹೋಗಿದೆಯಾ, ಲಿಂಫ್ ನೋಡ್‌ಗೆ ಹೋಗಿದೆಯಾ, ಮೂಳೆಗೆ ಹೋಗಿದೆಯಾ? ಸೂಜಿ ಹೋಗಿದ್ದು ಪ್ರೊಸ್ಟೇಟ್ ಒಳಕ್ಕೆ. ಅಂಚು ಸರಿಯಾಗಿ ಸಿಕ್ಕಿರುವುದೇ ಅಪರೂಪ. ರಿಪೋರ್ಟಿನಲ್ಲಿ ಸ್ಟೇಜ್ ಬರೆಯದೇ ಇದ್ದದ್ದು ಲ್ಯಾಬಿನವರ ಅಸಡ್ಡೆ ಅಲ್ಲ. ಬರೆಯದೇ ಇದ್ದದ್ದೇ ಸರಿ.

ಒಂದು ಅಪವಾದ ಇದೆ. ಪ್ರೊಸ್ಟೇಟ್ ಒಳಗೆ ಕೊಬ್ಬು ಹೆಚ್ಚುಕಡಿಮೆ ಇರುವುದೇ ಇಲ್ಲ, ಅದು ಇರುವುದು ಹೊರಗಡೆ. ಹಾಗಾಗಿ ತುಣುಕಿನ ತುದಿಯಲ್ಲಿ ಕೊಬ್ಬಿನ ಕಣಗಳ ನಡುವೆ ಕ್ಯಾನ್ಸರ್ ಕಂಡರೆ ಅಂಚು ದಾಟಿದೆ ಅಂತ ಬಯಾಪ್ಸಿಯಲ್ಲೇ ಹೇಳಬಹುದು. ಅದಕ್ಕೆ ‘ಎಕ್ಸ್‌ಟ್ರಾಪ್ರೊಸ್ಟಾಟಿಕ್ ಎಕ್ಸ್‌ಟೆನ್ಷನ್’ ಅಂತ ಬರೆಯುತ್ತಾರೆ. ನಿಮ್ಮ ರಿಪೋರ್ಟಿನಲ್ಲಿ ‘ನಾಟ್ ಸೀನ್’ ಅಂತಿದೆ. ಆದರೆ ಬಯಾಪ್ಸಿಯಲ್ಲಿ ಕಂಡಿಲ್ಲ ಅಂದ ಮಾತ್ರಕ್ಕೆ ಅಂಚು ದಾಟಿಲ್ಲ ಅಂತ ಗ್ಯಾರಂಟಿ ಇಲ್ಲ.

ಈಗ ಆ ಟಿ2ಸಿ ವಿಷಯ. ಇದನ್ನು ಸ್ವಲ್ಪ ಒತ್ತಿ ಹೇಳಬೇಕು, ಯಾಕೆಂದರೆ ಈ ಒಂದಕ್ಷರದಿಂದ ಚಿಕಿತ್ಸೆಯ ದಾರಿಯೇ ಬದಲಾಗಬಹುದು. ಆಪರೇಷನ್‌ಗೆ ಮೊದಲು ಕೊಡುವ ಟಿ ಸ್ಟೇಜನ್ನು, ಅಂದರೆ ಮೂಲ ಗಡ್ಡೆ ಎಲ್ಲಿಯವರೆಗಿದೆ ಅನ್ನುವ ಗುರುತನ್ನು, ಬೆರಳಿನ ಪರೀಕ್ಷೆಯಿಂದ ಕೊಡಬೇಕು. 2018ರಿಂದ ಬಳಕೆಯಲ್ಲಿರುವ, ಕ್ಯಾನ್ಸರ್ ಸ್ಟೇಜ್ ಹೇಗೆ ಕೊಡಬೇಕು ಅಂತ ಹೇಳುವ ಎಜೆಸಿಸಿ ನಿಯಮಾವಳಿಯ ಎಂಟನೇ ಆವೃತ್ತಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಬಯಾಪ್ಸಿಯಲ್ಲಿ ಯಾವ ಕಡೆ ಬಂತು, ಎಂಆರ್‌ಐಯಲ್ಲಿ ಏನು ಕಂಡಿತು ಅನ್ನುವುದನ್ನು ಅದರೊಳಗೆ ಸೇರಿಸುವ ಹಾಗಿಲ್ಲ. ಬೆರಳಿಗೆ ಏನೂ ಸಿಗದೆ, ಪಿಎಸ್‌ಎ ಜಾಸ್ತಿ ಇದೆ ಅಂತ ಸೂಜಿ ಹಾಕಿದಾಗ ಸಿಕ್ಕ ಕ್ಯಾನ್ಸರ್ ಟಿ1ಸಿ. ಎರಡೂ ಕಡೆ ಇದ್ದರೂ ಅದು ಟಿ1ಸಿಯೇ. ನಿಮ್ಮ ತಂದೆಯವರದ್ದು ಅದೇ.

ಇದರಿಂದ ಏನು ವ್ಯತ್ಯಾಸ ಅಂತ ಕೇಳಬಹುದು. 1998ರಲ್ಲಿ ಅಮೆರಿಕದ ಆಂಥನಿ ಡಿ’ಅಮಿಕೊ ಮತ್ತು ಜೊತೆಗಾರರು ಮೂರು ಗುಂಪು ಮಾಡಿದರು: ಕಡಿಮೆ ಅಪಾಯ, ಮಧ್ಯಮ, ಜಾಸ್ತಿ. ಅದರಲ್ಲಿ ಟಿ2ಸಿ ಅಂದ ತಕ್ಷಣ ಜಾಸ್ತಿ ಅಪಾಯದ ಗುಂಪಿಗೆ ಹೋಗುತ್ತದೆ. ಟಿ1ಸಿ ಆದರೆ, ಪಿಎಸ್‌ಎ 10ರ ಒಳಗೆ, ಗ್ಲೀಸನ್ 7 ಇರುವುದರಿಂದ ಮಧ್ಯಮ ಗುಂಪು. ಈಗ ಹೆಚ್ಚಾಗಿ ಬಳಸುವ, ಅಮೆರಿಕದ ಕ್ಯಾನ್ಸರ್ ಕೇಂದ್ರಗಳ ಒಕ್ಕೂಟವಾದ ಎನ್‌ಸಿಸಿಎನ್‌ನ ಮಾರ್ಗಸೂಚಿಯಲ್ಲಿ ಮಧ್ಯಮವನ್ನೇ ಎರಡು ಮಾಡಿದ್ದಾರೆ, ಅನುಕೂಲಕರ ಮತ್ತು ಪ್ರತಿಕೂಲ. ಪಿಎಸ್‌ಎ, ಗ್ಲೀಸನ್, ಟಿ ಸ್ಟೇಜ್ ಈ ಮೂರರ ಪೈಕಿ ಮಧ್ಯಮ ಗುಂಪಿಗೆ ತಳ್ಳುವ ಅಂಶ ಒಂದೇ ಇದ್ದು, 3+4ಕ್ಕಿಂತ ಮೇಲೆ ಹೋಗದೆ, ಅರ್ಧಕ್ಕಿಂತ ಕಡಿಮೆ ತುಣುಕುಗಳಲ್ಲಿ ಕ್ಯಾನ್ಸರ್ ಇದ್ದರೆ ಅದು ಅನುಕೂಲಕರ. ನಿಮ್ಮ ತಂದೆಯವರಿಗೆ 12ರಲ್ಲಿ 5, ಅಂದರೆ ಶೇಕಡಾ 42. ಟಿ1ಸಿ ಅಂತ ಸರಿಯಾಗಿ ಬರೆದರೆ ಅವರು ಈ ಗುಂಪಿನಲ್ಲೇ ಇರುತ್ತಾರೆ. ತಪ್ಪಾಗಿ ಟಿ2ಸಿ ಹಾಕಿದರೆ ಪ್ರತಿಕೂಲಕ್ಕೆ ಜಾರುತ್ತಾರೆ. ಆಮೇಲೆ ಬೇಡದ ಸ್ಕ್ಯಾನ್‌ಗಳು, ಬೇಡದ ಗಾಬರಿ. ಮುಂದಿನ ಸಲ ಹೋದಾಗ ಯೂರಾಲಜಿಸ್ಟ್ ಹತ್ತಿರ ಇದನ್ನು ನೇರವಾಗಿ ಕೇಳಿ, ಫೈಲಿನಲ್ಲಿ ತಿದ್ದಿಸಿ.

ಇನ್ನು ಗ್ಲೀಸನ್. 1966ರಲ್ಲಿ ಮಿನಿಯಾಪೊಲಿಸ್‌ನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿದ್ದ ಪ್ಯಾಥಾಲಜಿಸ್ಟ್ ಡೊನಾಲ್ಡ್ ಗ್ಲೀಸನ್ ಈ ಪದ್ಧತಿ ತಂದರು. ಕಣ ಒಂದೊಂದನ್ನೇ ನೋಡುವುದಕ್ಕಿಂತ, ಅವು ಸೇರಿ ಕಟ್ಟಿಕೊಂಡ ಗ್ರಂಥಿಗಳ ಆಕಾರ ನೋಡಿದರೆ ರೋಗದ ಸ್ವಭಾವ ಗೊತ್ತಾಗುತ್ತದೆ ಅನ್ನುವುದು ಅವರು ಕಂಡುಕೊಂಡ ಸಂಗತಿ. ಇಷ್ಟು ವರ್ಷವಾದರೂ ಅದು ನಿಂತಿದೆ. ಬಿಡಿಬಿಡಿಯಾಗಿ, ಸರಿಯಾದ ಆಕಾರದ ಗ್ರಂಥಿಗಳಿದ್ದರೆ 3. ಗ್ರಂಥಿಗಳು ಒಂದಕ್ಕೊಂದು ಬೆಸೆದುಕೊಂಡಿದ್ದರೆ, ಅಥವಾ ಒಳಗೆಲ್ಲ ತೂತುತೂತಾಗಿ ಜರಡಿ ಥರ ಕಂಡರೆ 4. ಗ್ರಂಥಿಯ ಆಕಾರವೇ ಇಲ್ಲದೆ ಕಣಗಳು ಹರಡಿಕೊಂಡಿದ್ದರೆ 5. ಬಯಾಪ್ಸಿಯಲ್ಲಿ ಅತಿ ಹೆಚ್ಚು ಇರುವ ನಮೂನೆ ಮೊದಲ ಅಂಕಿ, ಉಳಿದದ್ದರಲ್ಲಿ ಅತಿ ಕೆಟ್ಟದ್ದು ಎರಡನೇ ಅಂಕಿ. 2014ರಲ್ಲಿ ಇವನ್ನು 1ರಿಂದ 5ರವರೆಗಿನ ಗ್ರೇಡ್ ಗ್ರೂಪ್‌ಗಳಾಗಿ ಒಪ್ಪಿಕೊಂಡರು. 3+4 ಅಂದರೆ ಗ್ರೂಪ್ 2, 4+3 ಅಂದರೆ ಗ್ರೂಪ್ 3. ಕೂಡಿದರೆ ಎರಡೂ 7ನೇ. ಆದರೆ ಎರಡರ ನಡತೆ ಬೇರೆ.

ನಿಮ್ಮ ರಿಪೋರ್ಟಿನ ಕೊನೆಯ ಸಾಲು ಬಿಟ್ಟು ಎರಡನೇ ಪುಟದ ಟೇಬಲ್ ತೆಗೆಯಿರಿ. ಜಾಸ್ತಿ ಜನ ಇದನ್ನು ಓದುವುದೇ ಇಲ್ಲ. ಆಪರೇಷನ್ ಪ್ಲಾನ್ ಮಾಡುವವರಿಗೆ ಬೇಕಾದ ಮಾಹಿತಿ ಇರುವುದೆಲ್ಲ ಅಲ್ಲೇ. ಬಲಗಡೆ ಹೊರಬದಿಯ ಮಧ್ಯದ ತುಣುಕಿನಲ್ಲಿ ಶೇಕಡಾ 70ರಷ್ಟು ಉದ್ದಕ್ಕೆ ಕ್ಯಾನ್ಸರ್ ಇದೆ, 3+4, ಅದರಲ್ಲಿ ನಾಲ್ಕನೇ ನಮೂನೆ ಶೇಕಡಾ 30. ಪೆರಿನ್ಯೂರಲ್ ಇನ್ವೇಷನ್ ಕಂಡಿದ್ದೂ ಇದರಲ್ಲೇ. ಬಲಗಡೆ ಹೊರಬದಿಯ ಬೇಸ್‌ನಲ್ಲಿ ಶೇಕಡಾ 40, ಅದೂ 3+4. ಬಲ ಏಪೆಕ್ಸ್‌ನಲ್ಲಿ ಶೇಕಡಾ 20, 3+3. ಎಡಗಡೆ ಎರಡು ತುಣುಕುಗಳಲ್ಲಿ ಶೇಕಡಾ 5 ಮತ್ತು 10, ಎರಡೂ 3+3. ಬೇಸ್ ಅಂದರೆ ಮೇಲೆ ಮೂತ್ರಕೋಶದ ಕಡೆಯ ಭಾಗ, ಏಪೆಕ್ಸ್ ಅಂದರೆ ಕೆಳಗಿನ ತುದಿ.

ಈ ಟೇಬಲ್ ನನಗೆ ಹೇಳುವುದು ಇಷ್ಟು. ಮುಖ್ಯ ಗಡ್ಡೆ ಬಲಗಡೆ ಹೊರಬದಿಯಲ್ಲಿದೆ. ಎಡಗಡೆ ಇರುವುದು ಸಣ್ಣದು, ಸೌಮ್ಯದ್ದು. ಅಂಚು ದಾಟಿದ್ದರೆ ಅದು ಬಲಗಡೆಯೇ ಇರುವ ಸಂಭವ ಹೆಚ್ಚು. ತುಣುಕಿನ ಬಹುಭಾಗ ಕ್ಯಾನ್ಸರ್ ಇರುವುದು, ನಾಲ್ಕನೇ ನಮೂನೆ ಇರುವುದು, ನರದ ಸುತ್ತ ಕಂಡಿರುವುದು, ಮೂರೂ ಒಂದೇ ಜಾಗದಲ್ಲಿ ಸೇರಿದಾಗ ಆ ಅನುಮಾನ ಗಟ್ಟಿಯಾಗುತ್ತದೆ. ಪೆರಿನ್ಯೂರಲ್ ಸಾಲಿನ ಉಪಯೋಗ ಇಲ್ಲಿ. ಪಿಎಸ್‌ಎ ಮತ್ತು ಗ್ಲೀಸನ್ ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಅದೊಂದರಿಂದಲೇ ಎಷ್ಟು ಹೆಚ್ಚಿನ ಮಾಹಿತಿ ಸಿಗುತ್ತದೆ ಅನ್ನುವ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಆದರೆ ಯಾವ ಕಡೆ ಹುಷಾರಾಗಿರಬೇಕು ಅಂತ ಅದು ತೋರಿಸುತ್ತದೆ.

ಹುಷಾರು ಯಾಕೆ ಅಂದರೆ, ಪ್ರೊಸ್ಟೇಟಿನ ಹಿಂಬದಿ ಎರಡೂ ಪಕ್ಕಕ್ಕೆ, ಮೈಗೆ ಅಂಟಿಕೊಂಡ ಹಾಗೆ, ಲೈಂಗಿಕ ಉದ್ರೇಕಕ್ಕೆ ಬೇಕಾದ ನರಗಳ ಕಟ್ಟು ಹೋಗುತ್ತದೆ. 1982ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಪ್ಯಾಟ್ರಿಕ್ ವಾಲ್ಶ್ ಇವನ್ನು ಗುರುತಿಸಿ, ಬೇಕೆಂದೇ ಉಳಿಸಿಕೊಂಡು ಆಪರೇಷನ್ ಮಾಡಿ ತೋರಿಸಿದರು. ಈಗ ಕೈಯಲ್ಲಿ ಮಾಡಿದರೂ ರೋಬೋದಿಂದ ಮಾಡಿದರೂ ತತ್ವ ಅದೇ. ಉಳಿಸಬೇಕಾದರೆ ಪ್ರೊಸ್ಟೇಟಿಗೆ ತೀರಾ ಹತ್ತಿರದಲ್ಲಿ ಬಿಡಿಸಿಕೊಂಡು ಹೋಗಬೇಕು. ಅಲ್ಲಿ ಕ್ಯಾನ್ಸರ್ ಅಂಚು ದಾಟಿದ್ದರೆ ಸ್ವಲ್ಪ ಒಳಗೇ ಉಳಿದುಬಿಡಬಹುದು. ನಿಮ್ಮ ತಂದೆಯವರ ಟೇಬಲ್ ಪ್ರಕಾರ ಎಡಗಡೆಯ ಕಟ್ಟನ್ನು ಪೂರ್ತಿ ಉಳಿಸುವುದಕ್ಕೆ ಒಳ್ಳೆ ಅವಕಾಶ ಇದೆ. ಬಲಗಡೆ ಪೂರ್ತಿಯೋ, ಅರ್ಧವೋ, ಇಲ್ಲವೋ ಅನ್ನುವುದನ್ನು ಸರ್ಜನ್ ಯೋಚಿಸಬೇಕು. ಈ ಮಾತನ್ನು ಅಪ್ಪನ ಎದುರಿಗೆ ಆಡಲು ಮಕ್ಕಳು ಸಂಕೋಚ ಪಡುತ್ತಾರೆ. ಅಪ್ಪನೂ ಬಾಯಿ ಬಿಡುವುದಿಲ್ಲ. ನೀವು ಹೊರಗೆ ಕೂತುಕೊಂಡು ಅವರೊಬ್ಬರನ್ನೇ ಡಾಕ್ಟರ ಹತ್ತಿರ ಹತ್ತು ನಿಮಿಷ ಬಿಡಿ. 66 ವರ್ಷದವರಿಗೆ ಇದೆಲ್ಲ ಯಾಕೆ ಅಂತ ನಾವು ನಿರ್ಧರಿಸುವುದು ಸರಿಯಲ್ಲ.

ಹಾಗಾದರೆ ಅಂಚು ದಾಟಿರುವ ಸಂಭವ ಎಷ್ಟು? ಇದಕ್ಕೆ ಟೇಬಲ್‌ಗಳಿವೆ. ಜಾನ್ಸ್ ಹಾಪ್ಕಿನ್ಸ್‌ನ ಅಲನ್ ಪಾರ್ಟಿನ್ 1993ರಲ್ಲಿ ಇಂಥದ್ದನ್ನು ಮೊದಲು ಪ್ರಕಟಿಸಿದರು. 1997ರಲ್ಲಿ ಅಮೆರಿಕದ ಮೂರು ದೊಡ್ಡ ಕೇಂದ್ರಗಳಲ್ಲಿ ಆಪರೇಷನ್ ಆದ 4,133 ಜನರ ಮಾಹಿತಿ ಸೇರಿಸಿ ವಿಸ್ತರಿಸಿದರು. ಆಮೇಲೂ ಹಲವು ಸಲ ಪರಿಷ್ಕರಣೆ ಆಗಿದೆ. ಪಿಎಸ್‌ಎ, ಬೆರಳಿನ ಪರೀಕ್ಷೆಯ ಟಿ ಸ್ಟೇಜ್, ಬಯಾಪ್ಸಿ ಗ್ಲೀಸನ್, ಈ ಮೂರನ್ನು ಇಟ್ಟರೆ ನಾಲ್ಕು ಉತ್ತರ ಬರುತ್ತವೆ: ಒಳಗೇ ಇರುವ ಸಂಭವ, ಅಂಚು ದಾಟಿರುವ ಸಂಭವ, ವೀರ್ಯಕೋಶಕ್ಕೆ ಹೋಗಿರುವ ಸಂಭವ, ಲಿಂಫ್ ನೋಡ್‌ಗೆ ಹೋಗಿರುವ ಸಂಭವ. ಲಿಂಫ್ ನೋಡ್‌ಗೆಂದೇ ಇಟಲಿಯ ಆಲ್ಬೆರ್ಟೊ ಬ್ರಿಗಾಂಟಿ ಅವರ ಲೆಕ್ಕ ಇದೆ. ಅವರ 2012ರ ಆವೃತ್ತಿಯಲ್ಲಿ ಎಷ್ಟು ಶೇಕಡಾ ತುಣುಕುಗಳಲ್ಲಿ ಕ್ಯಾನ್ಸರ್ ಇದೆ ಅನ್ನುವುದೂ ಸೇರುತ್ತದೆ. ಅದರಲ್ಲಿ ಶೇಕಡಾ 5ಕ್ಕಿಂತ ಜಾಸ್ತಿ ಬಂದರೆ ಆಪರೇಷನ್ ಜೊತೆ ಲಿಂಫ್ ನೋಡ್‌ಗಳನ್ನೂ ತೆಗೆಯುವುದು ಒಳ್ಳೆಯದು ಅಂತ ಸಲಹೆ. ನಿಮ್ಮ ಸರ್ಜನ್ ಈ ಲೆಕ್ಕ ಹಾಕಿದ್ದಾರಾ, ಎಷ್ಟು ಬಂತು ಅಂತ ಕೇಳಿ. ಒಂದು ನಿಮಿಷದ ಕೆಲಸ.

ಇಲ್ಲಿ ಒಂದು ಮಾತು. ಟೇಬಲ್ ಹೇಳುವುದು ನಿಮ್ಮ ತಂದೆಯವರಂಥ ನೂರು ಜನರಲ್ಲಿ ಎಷ್ಟು ಜನರಿಗೆ ಹೀಗಿತ್ತು ಅನ್ನುವುದನ್ನು. ಆ ನೂರರಲ್ಲಿ ಇವರು ಯಾರು ಅಂತ ಅದಕ್ಕೆ ಗೊತ್ತಿಲ್ಲ. ಇನ್ನೊಂದು, ಈ ಲೆಕ್ಕಗಳು ಹುಟ್ಟಿದ್ದು ಅಮೆರಿಕ, ಯುರೋಪಿನ ರೋಗಿಗಳಿಂದ, ಅದೂ ಎಲ್ಲ ಕಡೆಯಿಂದ ಸಮನಾಗಿ ತುಣುಕು ತೆಗೆಯುವ ಬಯಾಪ್ಸಿಗಳಿಂದ. ಈಗ ಎಂಆರ್‌ಐ ನೋಡಿ ಗಡ್ಡೆಗೇ ಗುರಿಯಿಟ್ಟು ನಾಲ್ಕು ತುಣುಕು ತೆಗೆದರೆ ನಾಲ್ಕರಲ್ಲೂ ಕ್ಯಾನ್ಸರ್ ಬರುವುದು ಸಹಜ. ಅದನ್ನು ನಾಲ್ಕು ಅಂತ ಎಣಿಸಿದರೆ ಲೆಕ್ಕ ಹೆದರಿಸುತ್ತದೆ. ಒಂದೇ ಗಡ್ಡೆಯಿಂದ ಬಂದದ್ದನ್ನು ಒಂದು ಅಂತಲೇ ಎಣಿಸಬೇಕು. ನಿಮ್ಮಲ್ಲಿ ಆ ಗೊಂದಲವಿಲ್ಲ. ಇದನ್ನು ಓದುವ ಬೇರೆಯವರಿಗೆ ಉಪಯೋಗ ಆಗಲಿ ಅಂತ ಹೇಳಿದೆ.

ಎಂಆರ್‌ಐ ಬೇಕು. ಬಯಾಪ್ಸಿಗಿಂತ ಮೊದಲೇ ಮಾಡಿಸಿದ್ದರೆ ಚೆನ್ನಾಗಿತ್ತು. ಈಗ ಸೂಜಿ ಚುಚ್ಚಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿರುತ್ತದೆ, ಅದು ಚಿತ್ರದಲ್ಲಿ ಗಡ್ಡೆಯ ಥರ ಕಂಡು ದಾರಿ ತಪ್ಪಿಸುತ್ತದೆ. ಬಯಾಪ್ಸಿ ಆಗಿ ಆರರಿಂದ ಎಂಟು ವಾರ ಬಿಟ್ಟು ಮಾಡಿಸಿದರೆ ಸ್ಪಷ್ಟವಾಗಿ ಬರುತ್ತದೆ. ಎಂಆರ್‌ಐಯಲ್ಲಿ ಅಂಚು ದಾಟಿದೆ ಅಂತ ಕಂಡರೆ ಅದನ್ನು ಬಹಳಮಟ್ಟಿಗೆ ನಂಬಬಹುದು. ದಾಟಿಲ್ಲ ಅಂದರೆ ಅಷ್ಟು ನಂಬುವ ಹಾಗಿಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ನಿಜವಾಗಿ ಅಂಚು ದಾಟಿದ್ದವರಲ್ಲಿ ಶೇಕಡಾ 57ರಷ್ಟು ಜನರಲ್ಲಿ ಮಾತ್ರ ಎಂಆರ್‌ಐಗೆ ಅದು ಕಂಡಿತ್ತು. ಮೈಕ್ರೋಸ್ಕೋಪಿಗೆ ಮಾತ್ರ ಕಾಣುವಷ್ಟು ದಾಟಿದ್ದರೆ ಸ್ಕ್ಯಾನಿಗೆ ಹೇಗೆ ಕಾಣಬೇಕು? ಅದಕ್ಕೇ ಎಂಆರ್‌ಐ ಬಂದ ಮೇಲೂ ಬಯಾಪ್ಸಿ ಟೇಬಲ್‌ನ ಕೆಲಸ ಮುಗಿಯುವುದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಬಲಗಡೆ ಎಂಆರ್‌ಐಯಲ್ಲೂ ಗಡ್ಡೆ ಅಂಚಿಗೆ ಅಗಲವಾಗಿ ತಾಗಿಕೊಂಡಿದ್ದರೆ ಬಲಗಡೆಯ ನರ ಉಳಿಸುವ ಆಸೆ ಕಡಿಮೆ ಮಾಡಿಕೊಳ್ಳಬೇಕಾಗುತ್ತದೆ.

ಕ್ಯಾನ್ಸರ್ ಮೂಳೆಗೋ ಬೇರೆಲ್ಲಿಗೋ ಹರಡಿದೆಯಾ ಅಂತ ಹುಡುಕುವ ಬೋನ್ ಸ್ಕ್ಯಾನ್, ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಬೇಕಾ ಅಂತ ಮುಂದೆ ಕೇಳುತ್ತೀರಿ. ಪೆಟ್ ಒಳ್ಳೆಯ ಪರೀಕ್ಷೆಯೇ. 2020ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಅಧ್ಯಯನದಲ್ಲಿ ಅದರ ನಿಖರತೆ ಶೇಕಡಾ 92, ಹಳೆಯ ಸಿಟಿ ಮತ್ತು ಬೋನ್ ಸ್ಕ್ಯಾನ್ ಸೇರಿ ಶೇಕಡಾ 65. ಆದರೆ ಆ ಅಧ್ಯಯನ ನಡೆದದ್ದು ಜಾಸ್ತಿ ಅಪಾಯದ ಗುಂಪಿನವರಲ್ಲಿ. ನಿಮ್ಮ ತಂದೆಯವರಂಥ ಅನುಕೂಲಕರ ಮಧ್ಯಮ ಗುಂಪಿನವರಿಗೆ ಸಾಮಾನ್ಯವಾಗಿ ಅದರ ಅಗತ್ಯ ಬೀಳುವುದಿಲ್ಲ. ಸುಮ್ನೆ ಸಮಾಧಾನಕ್ಕೆ ಅಂತ ಅಷ್ಟು ದುಡ್ಡು ಹಾಕಬೇಡಿ. ಎಂಆರ್‌ಐಯಲ್ಲಿ ಬೇರೇನಾದರೂ ಕಂಡರೆ ಆಗ ನೋಡೋಣ.

ದುಡ್ಡು ಹಾಕುವುದಾದರೆ ಸ್ಲೈಡ್ ರಿವ್ಯೂಗೆ ಹಾಕಿ ಅಂತ ನನ್ನ ಸಲಹೆ. 3 ಮತ್ತು 4ರ ನಡುವಿನ ಗೆರೆ ಎಲ್ಲರ ಕಣ್ಣಿಗೂ ಒಂದೇ ಕಡೆ ಬೀಳುವುದಿಲ್ಲ. ಅನುಭವಿ ಪ್ಯಾಥಾಲಜಿಸ್ಟ್‌ಗಳ ನಡುವೆಯೂ ಅಭಿಪ್ರಾಯ ಬೇರೆಯಾಗುತ್ತದೆ. ಬಯಾಪ್ಸಿ ಮಾಡಿದ ಲ್ಯಾಬಿಗೆ ಹೋಗಿ ಸ್ಲೈಡ್‌ಗಳ ಜೊತೆ ಮೇಣದ ಬ್ಲಾಕ್‌ಗಳನ್ನೂ ಕೇಳಿ ಪಡೆಯಿರಿ. ಅನುಮಾನ ಬಂದ ಕಡೆ ವಿಶೇಷ ಸ್ಟೇನ್ ಹಾಕಬೇಕಾದರೆ ಬ್ಲಾಕ್ ಬೇಕೇ ಬೇಕು, ಬರೀ ಸ್ಲೈಡ್ ಸಾಲುವುದಿಲ್ಲ. ಪ್ರೊಸ್ಟೇಟ್ ಬಯಾಪ್ಸಿ ದಿನಾ ನೋಡುವ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯಲ್ಲಿ ತೋರಿಸಿ. ಎರಡು ಪ್ರಶ್ನೆ ಚೀಟಿಯಲ್ಲಿ ಬರೆದುಕೊಡಿ: ಕ್ರಿಬ್ರಿಫಾರ್ಮ್ ಇದೆಯಾ, ಇಂಟ್ರಾಡಕ್ಟಲ್ ಕಾರ್ಸಿನೋಮ ಇದೆಯಾ? ಆಗ ಹೇಳಿದ ಜರಡಿ ಥರದ ನಮೂನೆಯೇ ಕ್ರಿಬ್ರಿಫಾರ್ಮ್. ಅದು ದೊಡ್ಡದಾಗಿ ಇದ್ದರೆ, ಅಥವಾ ಕ್ಯಾನ್ಸರ್ ನಾಳಗಳೊಳಗೆ ತುಂಬಿಕೊಂಡಿದ್ದರೆ, ಅದೇ 3+4 ಆದರೂ ರೋಗ ಹಠಮಾರಿ. ನಿಮ್ಮ ರಿಪೋರ್ಟಿನಲ್ಲಿ ಇವೆರಡರ ಬಗ್ಗೆ ಇದೆ ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ. ಈ ಒಂದು ಸಾಲು ನನಗೆ ಪೆರಿನ್ಯೂರಲ್‌ಗಿಂತ ಎಷ್ಟೋ ಮುಖ್ಯ.

ಲ್ಯಾಬಿನವರ ಒಂದು ಒಳ್ಳೆ ಕೆಲಸವನ್ನೂ ಹೇಳಬೇಕು. 12 ತುಣುಕುಗಳನ್ನೂ ಜಾಗದ ಹೆಸರು ಬರೆದ ಬೇರೆ ಬೇರೆ ಡಬ್ಬಿಯಲ್ಲಿ ತೆಗೆದುಕೊಂಡಿದ್ದಾರೆ. ಎಲ್ಲವನ್ನೂ ಎರಡೇ ಡಬ್ಬಿಗೆ, ಬಲ ಒಂದು ಎಡ ಒಂದು ಅಂತ ಹಾಕಿ ಕಳಿಸುವುದೂ ಉಂಟು. ಹಾಗಾದರೆ ಬೇಸ್ ಯಾವುದು ಏಪೆಕ್ಸ್ ಯಾವುದು ಅಂತ ಹೇಳುವುದಕ್ಕೇ ಆಗುವುದಿಲ್ಲ, ತುಣುಕು ಮುರಿದಿದ್ದರೆ ಎಣಿಸುವುದಕ್ಕೂ ಆಗುವುದಿಲ್ಲ. ಇನ್ನೂ ಬಯಾಪ್ಸಿ ಆಗಬೇಕಾದವರು ಇದನ್ನು ಮೊದಲೇ ಕೇಳಿಕೊಳ್ಳಿ.

ಆಪರೇಷನ್ ಆದ ಮೇಲೆ ಏನಾಗಬಹುದು? ಪೂರ್ತಿ ಪ್ರೊಸ್ಟೇಟ್ ನಮ್ಮ ಕೈಗೆ ಬಂದಾಗ ಹೊರಮೈಗೆ ಬಣ್ಣದ ಇಂಕು ಹಚ್ಚಿ, ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ ನೋಡುತ್ತೇವೆ. ಆಗ ಕೊಡುವುದು ನಿಜವಾದ ಸ್ಟೇಜ್. ಒಳಗೇ ಇದ್ದರೆ ಪಿಟಿ2, ಅಂಚು ದಾಟಿದ್ದರೆ ಪಿಟಿ3ಎ, ವೀರ್ಯಕೋಶಕ್ಕೆ ಹೋಗಿದ್ದರೆ ಪಿಟಿ3ಬಿ. ಗ್ರೇಡ್ ಕೂಡ ಬದಲಾಗಬಹುದು. ಬಯಾಪ್ಸಿಯಲ್ಲಿ 3+3 ಅಂದಿದ್ದು ಸುಮಾರು ಮೂವರಲ್ಲಿ ಒಬ್ಬರಿಗೆ ಆಪರೇಷನ್ ನಂತರ ಮೇಲಕ್ಕೆ ಹೋಗುತ್ತದೆ. 3+4 ಕೆಲವರಿಗೆ ಮೇಲೆ ಹೋಗುತ್ತದೆ, ಕೆಲವರಿಗೆ ಕೆಳಗೂ ಇಳಿಯುತ್ತದೆ. ಪಿಟಿ3ಎ ಅಂತ ಬಂದರೂ ಕೈ ಮೀರಿತು ಅಂದುಕೊಳ್ಳಬೇಡಿ. ಬಹಳ ಜನರಿಗೆ ತಕ್ಷಣ ರೇಡಿಯೇಷನ್ ಕೊಡದೆ ಪಿಎಸ್‌ಎ ಮೇಲೆ ಕಣ್ಣಿಟ್ಟು, ಏರಲು ಶುರುವಾದ ಕೂಡಲೇ ಕೊಟ್ಟರೂ ಸಾಕು ಅಂತ 2020ರಲ್ಲಿ ಪ್ರಕಟವಾದ ರಾಡಿಕಲ್ಸ್ ಅನ್ನುವ ದೊಡ್ಡ ಅಧ್ಯಯನ ತೋರಿಸಿದೆ.

ಆಪರೇಷನ್ ಒಂದೇ ದಾರಿ ಅಂತಲೂ ಅಲ್ಲ. ಈ ಗುಂಪಿನವರಿಗೆ ರೇಡಿಯೇಷನ್ ಕೂಡ ಸಮನಾದ ಆಯ್ಕೆ. ನಾಲ್ಕನೇ ನಮೂನೆ ತೀರಾ ಸ್ವಲ್ಪ ಇರುವ ಕೆಲವರನ್ನು ಚಿಕಿತ್ಸೆ ಇಲ್ಲದೆ ಗಮನಿಸುತ್ತಾ ಹೋಗುವುದೂ ಉಂಟು. ನಿಮ್ಮ ತಂದೆಯವರಿಗೆ ಅದು ಶೇಕಡಾ 30 ಇದೆ, ಪಿಎಸ್‌ಎಯನ್ನು ಪ್ರೊಸ್ಟೇಟ್ ಗಾತ್ರದಿಂದ ಭಾಗಿಸಿದರೆ 0.20 ಬರುತ್ತದೆ. 0.15ರ ಒಳಗಿದ್ದರೆ ಸಮಾಧಾನ ಅಂತ ಲೆಕ್ಕ. ಹಾಗಾಗಿ ಕಾದು ನೋಡುವುದನ್ನು ನಾನು ಹೇಳುವುದಿಲ್ಲ. ಆದರೆ ಸರ್ಜನ್ ಜೊತೆ ಒಬ್ಬ ರೇಡಿಯೇಷನ್ ಡಾಕ್ಟರನ್ನೂ ಒಮ್ಮೆ ಭೇಟಿ ಮಾಡಿಸಿ.

ಇಷ್ಟೆಲ್ಲ ಮಾಡುವಷ್ಟರಲ್ಲಿ ಕ್ಯಾನ್ಸರ್ ಬೆಳೆದುಬಿಟ್ಟರೆ ಅನ್ನುವ ಭಯ ಇರುತ್ತದೆ, ಅಲ್ವಾ? ಗ್ರೇಡ್ ಗ್ರೂಪ್ 2ರ ಪ್ರೊಸ್ಟೇಟ್ ಕ್ಯಾನ್ಸರ್ ವಾರಗಳಲ್ಲಿ ಓಡುವ ಕಾಯಿಲೆ ಅಲ್ಲ. ಬಯಾಪ್ಸಿಯ ಗಾಯ, ಊತ ಆರಲಿ ಅಂತ ಸರ್ಜನ್‌ಗಳೂ ಸಾಮಾನ್ಯವಾಗಿ ಆರರಿಂದ ಎಂಟು ವಾರ ಬಿಟ್ಟೇ ಆಪರೇಷನ್ ಮಾಡುತ್ತಾರೆ. ಸ್ಲೈಡ್ ರಿವ್ಯೂ ಈ ವಾರವೇ ಕೊಟ್ಟುಬಿಡಿ. ಎಂಆರ್‌ಐಗೆ ಆರನೇ ವಾರದ ಮೇಲಿನ ದಿನಾಂಕ ತೆಗೆದುಕೊಳ್ಳಿ. ಎರಡೂ ಬಂದ ಮೇಲೆ ಆ ಎರಡನೇ ಪುಟದ ಟೇಬಲ್ ಹಿಡಿದುಕೊಂಡು ಸರ್ಜನ್ ಹತ್ತಿರ ಹೋಗಿ, ಬಲಗಡೆ ಏನು ಮಾಡುತ್ತೀರಿ, ಎಡಗಡೆ ಏನು ಮಾಡುತ್ತೀರಿ, ಲಿಂಫ್ ನೋಡ್ ತೆಗೆಯುತ್ತೀರಾ ಅಂತ ಬೇರೆ ಬೇರೆಯಾಗಿ ಕೇಳಿ.